ಡಾಕ್ಟರ್ ಮಾತಾಜಿಯ ಹಣ್ಣು

ಶಿವಕುಮಾರಿ ಡಾಕ್ಟರಿಕೆ ಬಿಟ್ಟು ಕಾವಿ ಉಟ್ಟದ್ದು ಭಕ್ತಿ ಉಕ್ಕಿ ಬಂದು ಎಂದು ಚಾಮರಾಜಪೇಟೆಯ ಜನ ನಂಬಿದ್ದರು. ನಂಬಲಿ, ಅವರ ಗಂಟೇನು ಹೋಯಿತು. ನಿಜ ಹೇಳಬೇಕೆಂದರೆ ಅವಳು ಬಿಟ್ಟದ್ದು ಹೇಸಿಗೆಯಿಂದ. ಹಾಗಂತ ಭಕ್ತಿ ಇರಲಿಲ್ಲ ಎಂದಲ್ಲ. ಪಾತ್ರೆ ಅಂಗಡಿ ಸಿದ್ದಬಸಪ್ಪನವರ ಮಗಳು, ಚಿಕ್ಕಂದಿನಲ್ಲೇ ಲಿಂಗ ಕಟ್ಟಿಸಿಕೊಂಡವಳು, ಬೆಳಗಿನ ಲಿಂಗಪೂಜೆಯಾಗದೆ ಕಾಫಿ ಮುಟ್ಟಿದವಳಲ್ಲ. ಆದರೆ ಪೂಜೆ ಮಾಡುವವರೆಲ್ಲ ಸನ್ಯಾಸ ತೆಗೆದುಕೊಂಡರೆ ಪೇಟೆಯಲ್ಲಿ ಅಂಗಡಿ ಬಾಗಿಲು ತೆಗೆಯುವವರು ಯಾರು? ಅವಳನ್ನು ಆಶ್ರಮಕ್ಕೆ ದೂಡಿದ್ದು ಒಂದು ಮೋಸಂಬಿ.

ಮನೆಗೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಅವಳು ಸ್ಕ್ಯಾನಿಂಗ್ ಡಾಕ್ಟರು. ಬೆಳಗಿನ ಪಾಳಿ ಅವಳದು, ಸಾಯಂಕಾಲದ್ದು ನರ್ಸಿಂಗ್ ಹೋಮಿನ ಯಜಮಾನ ಡಾಕ್ಟರ್ ಶಂಭುಲಿಂಗಪ್ಪನದು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಬಾರದೆಂದು ಕಾನೂನು ಬಂದಾಗ ಯಜಮಾನನೇ ಮುಂದೆ ನಿಂತು ಬೋರ್ಡ್ ಹಾಕಿಸಿದ್ದ. ದೊಡ್ಡ ಅಕ್ಷರ, ಕೆಂಪು ಬಣ್ಣ. ಶಿವಕುಮಾರಿ ಪಾಪ, ಆ ಬೋರ್ಡನ್ನು ನಂಬಿದ್ದಳು.

ಒಂದು ದಿನ ಕೊಡೆ ಮರೆತು ಸಾಯಂಕಾಲ ವಾಪಸು ಹೋದಾಗ ಮೆಟ್ಟಿಲ ಮೇಲೆ ಒಬ್ಬ ಬಸುರಿ ಕೂತಿದ್ದಳು. ಮಡಿಲಲ್ಲಿ ಒಂದು ಮೋಸಂಬಿ. ಅದನ್ನೇ ನೋಡುತ್ತಾ ಅಳುತ್ತಿದ್ದಳು. ಗಂಡ ಪಕ್ಕದಲ್ಲಿ ನಿಂತು ಬೀಡಿ ಸೇದುತ್ತಿದ್ದ. ಹಣ್ಣು ಹಿಡಿದುಕೊಂಡು ಅಳುವುದೇಕೆ ಎಂದು ಶಿವಕುಮಾರಿ ಒಳಗೆ ಬಂದು ಆಯಾ ಗಂಗರತ್ನಮ್ಮನನ್ನು ಕೇಳಿದಳು.

"ಅಯ್ಯೋ ಡಾಕ್ಟ್ರಮ್ಮ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?" ಗಂಗರತ್ನಮ್ಮ ದನಿ ತಗ್ಗಿಸಿದಳು. "ಸಾಯಂಕಾಲ ಸ್ಕ್ಯಾನ್ ಆದ್ಮೇಲೆ ಮ್ಯಾನೇಜರ್ ವೆಂಕಟಾಚಲ ಕೌಂಟರ್‌ನಲ್ಲಿ ಹಣ್ಣು ಕೊಡ್ತಾರೆ. ಬಾಳೆಹಣ್ಣು ಕೊಟ್ರೆ ಗಂಡು, ಮೋಸಂಬಿ ಕೊಟ್ರೆ ಹೆಣ್ಣು. ಬಾಯ್ಬಿಟ್ಟು ಯಾರೂ ಏನೂ ಹೇಳಲ್ಲ ನೋಡಿ, ಕೇಸ್ ಎಲ್ಲಿಂದ ಬರ್ಬೇಕು."

"ಮೋಸಂಬಿ ತಗೊಂಡವರು ಏನ್ ಮಾಡ್ತಾರೆ?"

"ಇನ್ನೇನ್ ಮಾಡ್ತಾರೆ. ಹೊಟ್ಟೆನೋವು ಅಂತ ಬಂದು ಅಡ್ಮಿಟ್ ಆಗ್ತಾರೆ."

ಶಂಭುಲಿಂಗಪ್ಪನನ್ನು ಕೇಳಿದರೆ ಅವನು ನಕ್ಕ. "ಪೇಷೆಂಟ್‌ಗೆ ಹಣ್ಣು ಕೊಡೋದು ತಪ್ಪಾ ಡಾಕ್ಟ್ರೇ?" ಅವಳು ಸುಮ್ಮನಿರದೆ ಆರೋಗ್ಯ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆಗೆಂದು ಒಬ್ಬ ಬಂದ, ಬೋರ್ಡು ಓದಿದ, ಕಾಫಿ ಕುಡಿದ, ಹೋಗುವಾಗ ಕೌಂಟರಿನಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಹೋದ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಂದಿನಿಂದ ಶಿವಕುಮಾರಿಗೆ ಮೋಸಂಬಿ ಗಂಟಲಲ್ಲಿ ಇಳಿಯಲಿಲ್ಲ. ಸ್ಕ್ಯಾನಿಂಗಿಗೆ ಹೊಟ್ಟೆಗೆ ಸವರುವ ಆ ತಣ್ಣನೆಯ ಲೋಳೆ ಕೈಯಲ್ಲಿ ಉಳಿದಂತೆನಿಸಿ ಊಟದ ಮಧ್ಯೆ ಎದ್ದು ಮತ್ತೆ ಮತ್ತೆ ಕೈ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತ ಅತ್ತೆಯರ, ಗಂಡಂದಿರ ಮುಖ ಕಂಡರೇ ವಾಕರಿಕೆ. ಬೇರೆ ಕಡೆ ಕೆಲಸ ಹುಡುಕಿದರೆ ಅಲ್ಲೂ ಅವೇ ಮುಖಗಳು, ಅದೇ ಪಿಸುಮಾತು. ಇದೆಲ್ಲಕ್ಕೂ ಕಲಶವಿಟ್ಟವನು ಸ್ವಂತ ತಮ್ಮ ರುದ್ರೇಶ. ಅಪ್ಪ ಅಮ್ಮ ಹೋದಮೇಲೆ ಪಾತ್ರೆ ಅಂಗಡಿ ಅವನದು, ಮನೆ ಅವನದು, ಅಕ್ಕ ಮಹಡಿಯ ಮೇಲಿನ ಕೋಣೆಯಲ್ಲಿ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಒಂದು ರಾತ್ರಿ ಊಟಕ್ಕೆ ಕೂತಾಗ, ಹೆಂಡತಿ ದಾಕ್ಷಾಯಿಣಿ ರೊಟ್ಟಿ ಬಡಿಸುತ್ತಿರುವಾಗಲೇ, "ಮೂರನೇದು ಚಾನ್ಸ್ ತಗೊಳ್ಳೋ ಹಾಗಿಲ್ಲಕ್ಕ. ಮನೇಲೇ ಮೆಷಿನ್ ಇದ್ದಂಗೆ ನೀನಿದೀಯ, ನೋಡ್ಕೊಂಡೇ ಮುಂದುವರಿಯೋದು," ಎಂದ. ಹೊಸ ಕುಕ್ಕರಿನ ವಿಷಯ ಮಾತಾಡುವ ದನಿಯಲ್ಲಿ ಎಂದ. ಶಿವಕುಮಾರಿ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದಳು. ಆ ವರ್ಷವೇ, ತೊಂಬತ್ತೇಳರ ಕಾರ್ತಿಕದಲ್ಲಿ, ದೀಕ್ಷೆ ತೆಗೆದುಕೊಂಡಳು.

ಹನುಮಂತನಗರದಲ್ಲಿ ಗುಡ್ಡದ ಕೆಳಗೆ ಒಂದು ಶರಣೆಯರ ಆಶ್ರಮವಿತ್ತು. ಹೆಂಗಸರೇ ನಡೆಸುವ ಸಣ್ಣ ಮಠ. ಕಾವಿ ಉಟ್ಟ ನಾಲ್ಕಾರು ಮಾತಾಜಿಯರು, ಅವರ ಮೇಲೆ ಗಿರಿಜಾಂಬಾ ಅಮ್ಮನವರು. ಸೋಮವಾರ ಬಂದವರಿಗೆಲ್ಲ ದಾಸೋಹದ ಊಟ. ಇಲ್ಲಿ ಗಂಡಸರು ಒಳಗೆ ಕಾಲಿಡುವುದು ಕೈಮುಗಿದುಕೊಂಡು, ಇಲ್ಲಿ ಯಾರ ಹೊಟ್ಟೆಯ ಮಾತೂ ಇಲ್ಲ ಎಂದುಕೊಂಡು ಶಿವಕುಮಾರಿ ಬಂದಳು. ಅವಳು ಬೇಡಿದ್ದು ಅಡುಗೆಮನೆ. ಅಕ್ಕಿ ಆರಿಸಿಕೊಂಡು, ಸೊಪ್ಪು ಬಿಡಿಸಿಕೊಂಡು ಇದ್ದುಬಿಡುತ್ತೇನೆ ಅಂದಿದ್ದಳು.

ದೀಕ್ಷೆಯ ದಿನವೇ ಆ ಆಸೆಗೆ ಕಲ್ಲು ಬಿತ್ತು. ರುದ್ರೇಶ ಶಾಮಿಯಾನ ಹಾಕಿಸಿದ, ವೀಡಿಯೋದವನನ್ನು ಕರೆಸಿದ, ಪೇಟೆಯ ಅರ್ಧ ವ್ಯಾಪಾರಿಗಳಿಗೆ ಹೋಳಿಗೆ ಊಟ ಹಾಕಿಸಿದ. ಮದುವೆಯಾಗದ ಅಕ್ಕ ಎಂದು ನೆಂಟರ ಮನೆ ಶುಭಕಾರ್ಯಗಳಲ್ಲಿ ಅವಳನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದವನು, ಈಗ ಕ್ಯಾಮೆರಾ ಕಡೆ ಮುಖ ಮಾಡಿ ಅವಳ ಪಾದ ತೊಳೆದು, ಆ ನೀರನ್ನು ಅಂಗೈಯಲ್ಲಿ ಹಿಡಿದು ಸೊರ್ರೆಂದು ಕುಡಿದ. ಪಾದೋದಕ. ಬರಿಗಾಲಲ್ಲಿ ತಾನು ಆ ಬೆಳಿಗ್ಗೆ ಯಾವ ಯಾವ ಬೀದಿ ತುಳಿದು ಬಂದಿದ್ದೆನೆಂದು ಡಾಕ್ಟರಾದ ಅವಳಿಗೆ ಗೊತ್ತು. ತೊಳೆದವನ ಮನಸ್ಸಿನಲ್ಲಿ ಏನಿದೆ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತು. ಕೊಳಕು ಯಾವುದರಲ್ಲಿ ಜಾಸ್ತಿ ಎಂದು ಹೇಳುವುದು ಕಷ್ಟವಿತ್ತು.

ಆಶ್ರಮದಲ್ಲಿ ಸೋಮವಾರದ ಪದ್ಧತಿ ಹೀಗೆ. ಭಕ್ತರು ಬುಟ್ಟಿಗೆ ಹಣ್ಣು ತಂದು ಸುರಿಯುತ್ತಾರೆ. ಹೋಗುವಾಗ ಮಾತಾಜಿಯೊಬ್ಬರು ಒಬ್ಬೊಬ್ಬರಿಗೂ ಅದರಿಂದಲೇ ಒಂದು ಹಣ್ಣನ್ನು ಸೆರಗಿಗೆ ಹಾಕಿ ವಿಭೂತಿ ಹಚ್ಚಿ ಕಳಿಸುತ್ತಾರೆ. ಬುಟ್ಟಿಯಲ್ಲಿ ಬರುವುದು ಬಹುಪಾಲು ಎರಡೇ ಹಣ್ಣು. ಅವು ಯಾವುವು ಎಂದು ಬೇರೆ ಹೇಳಬೇಕೆ? ಗಿರಿಜಾಂಬಾ ಅಮ್ಮನವರು ಶಿವಕುಮಾರಿಯನ್ನು ತಂದು ಕೂರಿಸಿದ್ದು ಆ ಬುಟ್ಟಿಯ ಮುಂದೆ.

"ಅಮ್ಮನವರೇ, ಹಣ್ಣಿನ ಬದಲು ಕಲ್ಲುಸಕ್ಕರೆ ಕೊಡೋಣ," ಎಂದು ಅವಳು ನರ್ಸಿಂಗ್ ಹೋಮಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು.

ಅಮ್ಮನವರು ಮೂಗು ಹಿಡಿದವರಂತೆ ಮುಖ ಮಾಡಿದರು. "ಇಲ್ಲಿ ನಮ್ಮ ಗುರುಗಳ ಕಾಲದಿಂದ ಹಣ್ಣೇ ಕೊಡ್ತಿರೋದು. ನಿನ್ನ ಆಸ್ಪತ್ರೆ ಗಲೀಜನ್ನ ತಂದು ನಮ್ಮ ಪ್ರಸಾದಕ್ಕೆ ಹಚ್ಚಬೇಡ. ಜನ ಡಾಕ್ಟರ್ ಮಾತಾಜಿ ಎಲ್ಲಿ ಅಂತ ಕೇಳ್ಕೊಂಡು ಬರ್ತಾರೆ, ನೀನೇ ಕೂತ್ಕೋಬೇಕು."

ಕೂತಳು. ತನ್ನ ಕೈ ಏನನ್ನೂ ಆರಿಸಬಾರದು ಎಂದು ಕಣ್ಣು ಮುಚ್ಚಿಕೊಂಡು, ಸಿಕ್ಕ ಹಣ್ಣನ್ನು ತೆಗೆದು ಹಾಕತೊಡಗಿದಳು. ಅವಳು ಮಾಡಿದ ದೊಡ್ಡ ತಪ್ಪು ಅದೇ. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರು, ಮೇಲೆ ಕಾವಿ, ಅದರ ಮೇಲೆ ಮುಚ್ಚಿದ ಕಣ್ಣು. ನರ್ಸಿಂಗ್ ಹೋಮಿನ ಹಣ್ಣಿನ ಲೆಕ್ಕವಂತೂ ಪೇಟೆಗೆಲ್ಲ ಗೊತ್ತಿದ್ದದ್ದೇ, ಜನಕ್ಕೆ ಇನ್ನೇನು ಬೇಕು? ಮೆಷಿನ್ನಿಲ್ಲದೆಯೇ ಒಳಗಿನದು ಕಾಣುತ್ತದಂತೆ ಎಂದು ಬಸವನಗುಡಿಯವರೆಗೂ ಸುದ್ದಿ ಹೋಯಿತು. ಸಾಲಿನಲ್ಲಿ ಬಸುರಿಯರು ಹೆಚ್ಚಾದರು. ಕಣ್ಣು ಮುಚ್ಚಿ ಕೂತವಳಿಗೆ ಅದು ಕಾಣಲಿಲ್ಲ.

ಮಾಘದ ಒಂದು ಸೋಮವಾರ ಮುಂದೆ ಒಡ್ಡಿದ ಸೆರಗು ಗಡಗಡ ನಡುಗಿದ್ದು ಹಣ್ಣು ಬಿಟ್ಟ ಬೆರಳಿಗೆ ತಿಳಿದು ಅವಳು ಕಣ್ಣು ಬಿಟ್ಟಳು. ದಾಕ್ಷಾಯಿಣಿ. ನಾಲ್ಕು ತಿಂಗಳಿರಬಹುದು, ಹೊಟ್ಟೆ ಆಗಲೇ ಸೀರೆಯ ನೆರಿಗೆಯನ್ನು ಎತ್ತಿತ್ತು. ಸೆರಗಿನಲ್ಲಿ ಮೋಸಂಬಿ. ಹಿಂದೆ ರುದ್ರೇಶ ಕೈಮುಗಿದು ನಿಂತಿದ್ದ.

"ಅದು ಬರೀ ಹಣ್ಣು ದಾಕ್ಷಾಯಿಣಿ. ಮನೆಗೆ ಹೋಗಿ ತಿನ್ನು," ಎಂದಳು ಶಿವಕುಮಾರಿ.

"ಅರ್ಥ ಆಯ್ತು ಮಾತಾಜಿ," ಎಂದ ರುದ್ರೇಶ. ನಕ್ಕ ಕೂಡ.

ಬುಧವಾರ ಬೆಳಿಗ್ಗೆ ಗಂಗರತ್ನಮ್ಮ ಏದುಸಿರು ಬಿಡುತ್ತಾ ಆಶ್ರಮಕ್ಕೆ ಬಂದಳು. "ಡಾಕ್ಟ್ರಮ್ಮ, ನಿಮ್ಮ ತಮ್ಮ ನಿನ್ನೆ ಸಾಯಂಕಾಲ ನಮ್ಮಲ್ಲಿಗೆ ಬಂದಿದ್ರು. ಇವತ್ತು ಮಧ್ಯಾಹ್ನ ಹೆಂಡತೀನ ಅಡ್ಮಿಟ್ ಮಾಡ್ತಾರಂತೆ. ಸ್ಕ್ಯಾನ್ ಮಾಡ್ಬೇಕಲ್ಲ ಅಂತ ವೆಂಕಟಾಚಲ ಅಂದ್ರೆ, 'ಬೇಕಾಗಿಲ್ಲ, ಅಕ್ಕ ನೋಡಿ ಹಣ್ಣು ಕೊಟ್ಟಾಗಿದೆ' ಅಂದ್ರು."

ಶಿವಕುಮಾರಿ ಬಚ್ಚಲಿಗೆ ಓಡಿ ಕಾರಿಕೊಂಡಳು. ಯಾವ ಕೊಚ್ಚೆಯಿಂದ ಎದ್ದು ಬಂದಿದ್ದಳೋ ಅದು ಬೆನ್ನು ಹತ್ತಿ ಬಂದು ಅವಳ ಅಂಗೈಯಲ್ಲೇ ಕೂತಿತ್ತು. ಶಂಭುಲಿಂಗಪ್ಪ ಸಾಯಂಕಾಲ ಮಾತ್ರ ಮಾಡುತ್ತಿದ್ದ ಕೆಲಸವನ್ನು ಅವಳು ಹಾಡಹಗಲಲ್ಲಿ, ದೇವರ ಮುಂದೆ ಕೂತು ಮಾಡಿದ್ದಳು. ಬಾಯಿ ತೊಳೆದು ಹೊರಟವಳನ್ನು ಗಿರಿಜಾಂಬಾ ಅಮ್ಮನವರು ಬಾಗಿಲಲ್ಲೇ ತಡೆದರು. ದೀಕ್ಷೆಯಾದವಳು ಹುಟ್ಟಿದ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ.

"ಹೊಸ್ತಿಲು ತುಳಿಯಲ್ಲ. ಬೀದೀಲೇ ನಿಂತ್ಕೋತೀನಿ," ಎಂದು ಹೇಳಿ ಆಟೋ ಹತ್ತಿದಳು.

ಚಾಮರಾಜಪೇಟೆಯ ಮನೆಯ ಮುಂದೆ ಇಳಿದಾಗ ಬಾಗಿಲಲ್ಲಿ ಬಟ್ಟೆಯ ಬ್ಯಾಗ್ ಸಿದ್ಧವಾಗಿತ್ತು. ಫ್ಲಾಸ್ಕ್ ಸಹ ಇತ್ತು. ರುದ್ರೇಶ ಅವಳನ್ನು ಕಂಡವನೇ ಒಳಗೆ ಓಡಿ ತಂಬಿಗೆ, ತಟ್ಟೆ ತಂದ. ಬೇಡ ಬೇಡವೆಂದರೂ ಕೇಳದೆ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಪಾದ ತೊಳೆಯತೊಡಗಿದ. ಹೆಂಡತಿಯ ಹೊಟ್ಟೆ ಬರಿದು ಮಾಡಿಸಲು ಹೊರಟವನು ಅಕ್ಕನ ಬೆರಳ ಸಂದಿ ಸಂದಿಯನ್ನೂ ಉಜ್ಜಿ ತೊಳೆಯುತ್ತಿದ್ದ. ಅವನ ತಲೆಯ ಮೇಲೆ ಆ ತಟ್ಟೆಯನ್ನೇ ಕವುಚಿಬಿಡಬೇಕೆನಿಸಿತು ಅವಳಿಗೆ.

"ರುದ್ರೇಶ, ಕೇಳಿಲ್ಲಿ. ಅವತ್ತು ಕಣ್ಣು ಮುಚ್ಚಿದ್ದೆ. ಕೈಗೆ ಸಿಕ್ಕಿದ್ದು ಕೊಟ್ಟೆ. ಹೊಟ್ಟೇಲಿ ಏನಿದೆ ಅಂತ ನನಗೆ ಗೊತ್ತಿಲ್ಲ."

"ನೀವು ಹಾಗೇ ಹೇಳ್ಬೇಕು ಮಾತಾಜಿ. ಕಾನೂನು ಇದೆಯಲ್ಲ. ಆಸ್ಪತ್ರೇಲೂ ಹಾಗೇ ಬೋರ್ಡ್ ಹಾಕಿರ್ತಾರೆ."

"ಇದು ಬೋರ್ಡ್ ಅಲ್ಲ ಕಣೋ, ನಿಜ ಹೇಳ್ತಿದೀನಿ."

"ನಿಜಾನೇ ಮಾತಾಜಿ. ನಾನೇನು ಯಾರಿಗೂ ಹೇಳಲ್ಲ," ಎಂದು ಅವನು ಕಣ್ಣು ಮಿಟುಕಿಸಿದ.

ಅವಳು ಹೇಳಿದ ನಿಜವೆಲ್ಲ ಅವನ ಕಿವಿಗೆ ತಿರುಗುಮುರುಗಾಗಿ ಬೀಳುತ್ತಿತ್ತು. ಪೊಲೀಸರಿಗೆ ಹೇಳುತ್ತೇನೆ ಅನ್ನಬಹುದಿತ್ತು. ದೂರಿಗೆ ಬಂದು ಬಾಳೆಹಣ್ಣು ತೆಗೆದುಕೊಂಡು ಹೋದವನು ನೆನಪಾದ. ಒಳಗೆ ಹಜಾರದ ಕಂಬಕ್ಕೆ ಒರಗಿ ದಾಕ್ಷಾಯಿಣಿ ನಿಂತಿದ್ದಳು. ಇಬ್ಬರು ಹುಡುಗಿಯರೂ ಅಮ್ಮನ ಸೆರಗು ಹಿಡಿದಿದ್ದರು. ದಾಕ್ಷಾಯಿಣಿ ಬಾಗಿಲಿನ ಹೊರಗೆ ನಿಂತ ಅತ್ತಿಗೆಯನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಶಿವಕುಮಾರಿಯ ಬಾಯಿಂದ, ಜನ್ಮದಲ್ಲಿ ಆಡಬಾರದೆಂದುಕೊಂಡಿದ್ದ ಮಾತು ಬಂತು.

"ನಿಂಗೆ ಪದ್ಧತಿ ಗೊತ್ತಿಲ್ಲ ರುದ್ರೇಶ. ಬಾಳೆಹಣ್ಣು ಗಂಡು ಅನ್ನೋದು ಆಸ್ಪತ್ರೆ ಲೆಕ್ಕ. ಆಶ್ರಮದಲ್ಲಿ ಬೇರೆ. ನಮ್ಮಲ್ಲಿ ಮೋಸಂಬಿ ಅಂದ್ರೇನೇ ಗಂಡು."

ರುದ್ರೇಶನ ಕೈಯಲ್ಲಿದ್ದ ತಂಬಿಗೆ ನಿಂತುಹೋಯಿತು. "ಗಂಡಾ?"

"ಗಂಡು. ನೋಡೇ ಕೊಟ್ಟಿದ್ದು."

ಅವನು ತಟ್ಟೆಯ ನೀರನ್ನು ಅಷ್ಟೂ ಎತ್ತಿ ಗಟಗಟ ಕುಡಿದುಬಿಟ್ಟ. ಆಮೇಲೆ ಕಣ್ಣು ಒರೆಸಿಕೊಂಡು, ಒಳಗೆ ಕೂಗಿ ಹೇಳಿದ, ಬ್ಯಾಗ್ ಬಿಚ್ಚು ಎಂದು. ಆನಂದಬಾಷ್ಪ ಬೇರೆ. ಶಿವಕುಮಾರಿ ಆಟೋದಲ್ಲಿ ಕೂತು ಸೆರಗಿನಿಂದ ನಾಲಿಗೆ ಉಜ್ಜಿಕೊಂಡಳು. ಮಗು ಉಳಿಯಿತು ಎಂಬ ಸಮಾಧಾನ ಗಾಂಧಿಬಜಾರು ದಾಟುವವರೆಗೂ ಉಳಿಯಲಿಲ್ಲ. ಮೋಸಂಬಿ ಗಂಡಾದರೆ ಬಾಳೆಹಣ್ಣು ಹೆಣ್ಣಾಯಿತು. ಅವಳು ಕಣ್ಣು ಮುಚ್ಚಿ ಬಾಳೆಹಣ್ಣು ಹಾಕಿದ ಸೆರಗುಗಳು ಎಷ್ಟೋ. ರುದ್ರೇಶನಂಥ ಬಾಯಾಳಿ ಈ ಸುದ್ದಿಯನ್ನು ಸಂಜೆಯೊಳಗೆ ಪೇಟೆಗೆಲ್ಲ ಹಂಚುತ್ತಾನೆ.

ಹಾಗೇ ಆಯಿತು. ಮುಂದಿನ ಸೋಮವಾರ ಸಾಲು ಆಶ್ರಮದ ಗೇಟು ದಾಟಿ ರಸ್ತೆಗೆ ಬಂದಿತ್ತು. ಅದರಲ್ಲಿ ಕೆಲವರು ಹಿಂದಿನ ವಾರ ಇಲ್ಲಿಂದ ಒಯ್ದಿದ್ದ ಬಾಳೆಹಣ್ಣನ್ನು, ಕಪ್ಪಾಗಿ ಕೊಳೆತದ್ದನ್ನು, ಕವರಿನಲ್ಲಿ ಹಿಡಿದು ನಿಂತಿದ್ದರು. ಮೊದಲ ಹೆಂಗಸಿನ ಅತ್ತೆ ಆ ಕೊಳೆತ ಹಣ್ಣನ್ನು ಬುಟ್ಟಿಯ ಅಂಚಿಗಿಟ್ಟು, "ಮಾತಾಜಿ, ಇದನ್ನ ವಾಪಸ್ ತಗೊಂಡು ಮೋಸಂಬಿ ಕೊಡಿ," ಎಂದಳು. ಕೊಳೆತ ವಾಸನೆಗೆ ನೊಣ ಮುತ್ತಿತ್ತು. ಸೊಸೆ ತಲೆ ತಗ್ಗಿಸಿದ್ದಳು.

ಈ ಸಲ ಶಿವಕುಮಾರಿ ಕಣ್ಣು ಮುಚ್ಚಲಿಲ್ಲ. ಆ ಅತ್ತೆಯ ಮುಖವನ್ನೇ ನೋಡುತ್ತಾ, "ನಿಮ್ಮ ಸೊಸೆಗೂ ಗಂಡೇ. ಬಾಳೆಹಣ್ಣಾದ್ರೂ ಗಂಡೇ. ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳಿ," ಎಂದಳು. ಮುಂದಿನವಳಿಗೂ ಅದನ್ನೇ ಹೇಳಿದಳು. ಅದರ ಮುಂದಿನವಳಿಗೂ.

ಅಂದಿನಿಂದ ಡಾಕ್ಟರ್ ಮಾತಾಜಿಯ ಬಾಯಲ್ಲಿ ಬೇರೆ ಮಾತೇ ಇಲ್ಲ. ಕೆಂಪು ಸೀರೆಯವಳಿಗೂ ಗಂಡು, ಹಳದಿ ಸೀರೆಯವಳಿಗೂ ಗಂಡು. ಇಡೀ ದಕ್ಷಿಣ ಬೆಂಗಳೂರಿನಲ್ಲಿ ಆ ವರ್ಷ ಹೆಣ್ಣೇ ಹುಟ್ಟುವುದಿಲ್ಲವೇನೋ ಎನ್ನುವಂತೆ ಹೇಳಿದಳು. ಕೇಳಿ ಹಿಗ್ಗಿ ಕುಣಿಯುತ್ತಿದ್ದ ಗಂಡಂದಿರನ್ನು, ಸೊಸೆಯ ಕೆನ್ನೆ ಸವರಿ ಲಟಿಕೆ ಮುರಿಯುತ್ತಿದ್ದ ಅತ್ತೆಯರನ್ನು ಕಂಡು ಅವಳಿಗೆ ಬರುತ್ತಿದ್ದ ಅಸಹ್ಯ ಅಷ್ಟಿಷ್ಟಲ್ಲ. ನಿನ್ನೆಯವರೆಗೆ ತಂಗಳು ತಿನ್ನಿಸುತ್ತಿದ್ದವರು ಇಂದು ಬಾದಾಮಿ ಹಾಲು ಕುಡಿಸುತ್ತಾರೆ. ಕುಡಿಸಲಿ, ಯಾರ ಹೆಸರಲ್ಲಾದರೂ ಹಾಲು ಒಳಗೆ ಹೋಗಲಿ ಎಂದು ಹಲ್ಲು ಕಚ್ಚಿ ಕೂರುತ್ತಿದ್ದಳು. ಸಾಲು ಮುಗಿದ ಮೇಲೆ ನಲ್ಲಿಯ ಹತ್ತಿರ ನಿಂತು ಬಾಯಿ ಮುಕ್ಕಳಿಸುತ್ತಿದ್ದಳು. ಗಿರಿಜಾಂಬಾ ಅಮ್ಮನವರಿಗೆ ಮಾತ್ರ ಬಹಳ ಸಂತೋಷ. ದಾಸೋಹಕ್ಕೆ ಹೊಸ ಕೊಪ್ಪರಿಗೆ ಬಂತು.

ಆಷಾಢದಲ್ಲಿ ಹೆರಿಗೆಗಳು ಶುರುವಾದವು. ಕೆಲವರು ಪೇಡ ತಂದರು. ಕೆಲವರು ಬರಲೇ ಇಲ್ಲ. ಕೊಳೆತ ಬಾಳೆಹಣ್ಣು ತಂದಿದ್ದ ಅತ್ತೆ ಗೇಟಿನ ಹೊರಗೆ ನಿಂತು, ಮಠದ ವಂಶ ಉದ್ಧಾರವಾಗುವಂಥ ಮಾತುಗಳನ್ನಾಡಿ, ಕ್ಯಾಕರಿಸಿ ಉಗುಳಿ ಹೋದಳು. ದಾಕ್ಷಾಯಿಣಿಗೆ ಬಸವನಗುಡಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸುದ್ದಿ ತಿಳಿದು ಶಿವಕುಮಾರಿ ಹೋದಾಗ ರುದ್ರೇಶ ವಾರ್ಡಿನ ಹೊರಗೆ, ಹಂಚಲು ತಂದ ಜಹಾಂಗೀರಿನ ಡಬ್ಬಗಳನ್ನು ಕಾಲಬಳಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಒಂದನ್ನೂ ತೆರೆದಿರಲಿಲ್ಲ. ತಂಬಿಗೆ ತಟ್ಟೆಗೆ ಓಡಲಿಲ್ಲ, ಏಳಲೂ ಇಲ್ಲ. ನೀವು, ಮಾತಾಜಿ ಎಲ್ಲ ಎಲ್ಲಿಗೋ ಹಾರಿಹೋಗಿತ್ತು.

"ನಿನ್ನ ಕಾಲು ತೊಳೆದ ನೀರು ಕುಡಿದೆನಲ್ಲ ನಾನು, ಥೂ," ಎಂದ. "ಕಾವಿ ಉಟ್ಕೊಂಡು, ಹಣೆ ತುಂಬ ವಿಭೂತಿ ಬಳ್ಕೊಂಡು, ಒಡಹುಟ್ಟಿದವನ ಹತ್ರ ಸುಳ್ಳು ಹೇಳಿದ್ಯಲ್ಲ. ನಿನಗೆ ಅಸಹ್ಯ ಆಗಲಿಲ್ವಾ?"

ಆ ಪದವನ್ನು ಅವನ ಬಾಯಲ್ಲಿ ಕೇಳಿ ಅವಳು ಅವನನ್ನೇ ನೋಡಿದಳು.

"ಆಯ್ತು," ಎಂದಳು. "ಹೇಳಿದಾಗಲೆಲ್ಲ ಆಯ್ತು. ಈಗ ದಾರಿ ಬಿಡು, ಮಗು ನೋಡ್ಬೇಕು."

ದಾಕ್ಷಾಯಿಣಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಿ ನೋಡಿ, ಪಕ್ಕದಲ್ಲಿದ್ದ ಮಗುವನ್ನು ಎತ್ತಿ ಕೈಗೆ ಕೊಟ್ಟಳು. ಮಗು ಕೆಂಪಗಿತ್ತು, ಮೈಗೆಲ್ಲ ಇನ್ನೂ ಬಿಳಿಯ ಲೋಳೆ ಅಂಟಿತ್ತು. ಶಿವಕುಮಾರಿ ಕಾವಿಯ ಸೆರಗಿನಿಂದ ಅದರ ಕತ್ತಿನ ಮಡಿಕೆಗಳನ್ನು ಒರೆಸಿದಳು. ಕೈ ತೊಳೆಯಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

ಆಶ್ರಮದಲ್ಲಿ ಗಿರಿಜಾಂಬಾ ಅಮ್ಮನವರು ಅವಳೊಡನೆ ಮಾತು ಬಿಟ್ಟರು. ಬಿಡುವ ಮುಂಚೆ, ಆಶ್ರಮದ ಹೆಸರು ಬೀದಿಪಾಲು ಮಾಡಿದೆ, ಇನ್ನು ಭಕ್ತರ ಎದುರಿಗೆ ಬರಬೇಡ, ಅಡುಗೆಮನೆಯಲ್ಲೇ ಬಿದ್ದಿರು ಎಂದು ಶಿಕ್ಷೆ ವಿಧಿಸಿದರು. ಮೊದಲ ದಿನವೇ ಕೇಳಿದ್ದನ್ನು ಹೀಗೆ ಬೈದಾದರೂ ಕೊಟ್ಟರಲ್ಲ ಎಂದುಕೊಂಡು ಶಿವಕುಮಾರಿ ಈಳಿಗೆಮಣೆಯ ಮುಂದೆ ಕೂತಳು.

ಶ್ರಾವಣದ ಸೋಮವಾರ ಸಾಲಿನಲ್ಲಿ ಒಬ್ಬ ಬಸುರಿಯೂ ಇರಲಿಲ್ಲ. ಊಟಕ್ಕೆ ಬಂದ ಮುದುಕಿಯರು ಕೆಲವರು ಉಂಡು ಹೋದರು. ಬುಟ್ಟಿಯಲ್ಲಿ ಹಣ್ಣು ಹಾಗೇ ಉಳಿದಿತ್ತು. ಸಂಜೆಯ ಹೊತ್ತಿಗೆ ಅಡುಗೆಮನೆಯ ಹಿಂಬಾಗಿಲಿಗೆ ದಾಕ್ಷಾಯಿಣಿ ಬಂದಳು. ಹೆಗಲ ಮೇಲೆ ಕೂಸು, ಹಿಂದೆ ದೊಡ್ಡವರಿಬ್ಬರು. ಗಂಡ ಇನ್ನೂ ಮಗುವಿನ ಮುಖ ನೋಡಿಲ್ಲ, ಹೆಸರಿಡುವ ಮಾತೂ ಇಲ್ಲ ಎಂದಳು. ಹಾಗೆಂದು ಅಳಲಿಲ್ಲ. ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂತು, "ಅಕ್ಕ, ಹಣ್ಣು ಕೊಡಲ್ವಾ?" ಎಂದು ಕೇಳಿದಳು.

ಶಿವಕುಮಾರಿ ಬುಟ್ಟಿಯನ್ನೇ ಎತ್ತಿ ತಂದು ಅವಳ ಮುಂದಿಟ್ಟಳು. "ಯಾವ್ದು ಬೇಕೋ ತಗೋ."

ದಾಕ್ಷಾಯಿಣಿ ಮೋಸಂಬಿ ಆರಿಸಿದಳು. ಅಲ್ಲೇ ಕೂತು ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಹುಡುಗಿಯರಿಗೆ ಒಂದೊಂದು ಕೊಟ್ಟಳು, ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಶಿವಕುಮಾರಿಯ ಕಡೆ ಚಾಚಿದಳು. ಆ ಮೆಟ್ಟಿಲ ಮೇಲಿನ ಹೆಂಗಸನ್ನು ಕಂಡಂದಿನಿಂದ ಅವಳು ಮೋಸಂಬಿ ಮುಟ್ಟಿ ತಿಂದಿರಲಿಲ್ಲ. ತೆಗೆದುಕೊಂಡು ಬಾಯಿಗಿಟ್ಟಳು. ಹುಳಿಯಿತ್ತು, ಆದರೂ ಅಗಿದು ನುಂಗಿದಳು.